ಮನೆವಾರ್ತೆಯ ಮಾತು: ರೋಲಿನ ಕ್ಯಾಮರಾವೋ, ಡಿಜಿಟಲ್ ಕ್ಯಾಮರಾವೋ?

ಕಂಪ್ಲಿಯ ವಾಚಕರೊಬ್ಬರು ಬರೆದ ಕಾಗದವು ಈ ತಿಂಗಳ ಬರಹಕ್ಕೆ ಕಾರಣವಾಗಿದೆ. ಅವರು ಸಣ್ಣದೊಂದು ಅಂಗಡಿಯನ್ನಿಟ್ಟುಕೊಂಡು ಸಂಸಾರ ನಡೆಸುತ್ತಿರುವ ಗೃಹಸ್ಥರು. ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ; ಛಾಯಾಗ್ರಹಣವನ್ನು ಕಲಿಯಬೇಕೆಂದು ಅವಳಿಗೆ ಬಹಳ ಆಸೆ. ತಂದೆಯವರು ಎರಡು ವರ್ಷ ಕೂಡಿಸಿ 25,000 ರೂಪಾಯಿಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚಿಗೆ ತೆಗೆಯುವ ಶಕ್ತಿಯಿಲ್ಲವೆಂದು ಸಂಕೋಚವಿಲ್ಲದೆ ಬರೆದಿದ್ದಾರೆ. ಮಗಳಿಗೆ ಹಳೆಯ ಕಾಲದ, ಫಿಲ್ಮು ರೋಲು ಹಾಕುವ ಕ್ಯಾಮರಾವೇ ಬೇಕಂತೆ. ಬೆಂಗಳೂರಿನಲ್ಲಿ ಓದುವ ಅವಳ ಗೆಳತಿಯರಲ್ಲಿ ಈಗ ಅದರ ಗೀಳು ಹುಟ್ಟಿದೆಯಂತೆ. ತಂದೆಗೆ ಡಿಜಿಟಲ್ ಲೇಸೆಂದು ತೋರುತ್ತದೆ. "ಯಾವುದು ಯುಕ್ತ?" ಎಂದು ಕೇಳಿ, ಕಾಗದದ ಕಡೆಯಲ್ಲಿ ಒಂದು ವಾಕ್ಯವನ್ನು ಸೇರಿಸಿದ್ದಾರೆ: ಮನೆಯಲ್ಲಿ 86 ವರ್ಷದ ತಾಯಿಯವರಿದ್ದಾರೆ, ಆಧಾರ್ ಕಾರ್ಡಿನಲ್ಲಿರುವುದನ್ನು ಬಿಟ್ಟರೆ ಅವರ ಒಂದು ಒಳ್ಳೆಯ ಪಟವೂ ಮನೆಯಲ್ಲಿಲ್ಲ, ಮೊಮ್ಮಗಳು ಮೊದಲು ಅದನ್ನು ತೆಗೆಯಲೆಂದು ತಮ್ಮ ಇಚ್ಛೆ.

ಈ ಕಡೆಯ ವಾಕ್ಯವಿಲ್ಲದಿದ್ದರೆ ನಾನು ಎರಡೂ ಪಕ್ಷಗಳನ್ನು ತೂಗಿ ಸುಮ್ಮನಾಗುತ್ತಿದ್ದೆನೇನೋ. ಅದಿರುವುದರಿಂದ ಒಂದು ನಿರ್ಣಯವನ್ನು ಹೇಳಲೇಬೇಕಾಗಿದೆ.

ಮೊದಲು ವಸ್ತುವೇನೆಂಬುದನ್ನು ತಿಳಿಯೋಣ. ನಮ್ಮ ಸೀಮೆಯವರಿಗೆ ಕ್ಯಾಮರಾ ಎಂದರೇನೆಂದು ಹೇಳಿಕೊಡಲು ಯಾವ ಯಂತ್ರವೂ ಬೇಕಾಗಿಲ್ಲ. ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ, ಗರ್ಭಗೃಹದ ಹಿಂದುಗಡೆಯ ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ, ಒಂಬತ್ತು ಅಂತಸ್ತಿನ ದೊಡ್ಡ ಗೋಪುರದ ಆಕೃತಿಯು ತಲೆಕೆಳಗಾಗಿ ಬೀಳುವುದನ್ನು ಯಾತ್ರಿಕರೆಲ್ಲರೂ ನೋಡಿದ್ದಾರೆ. ಎದುರಿನ ಗೋಡೆಯ ಸಣ್ಣ ರಂಧ್ರವೇ ಅದಕ್ಕೆ ಕಾರಣ. ಬೆಳಕು ನೆಟ್ಟಗೆ ಚಲಿಸತಕ್ಕದ್ದು. ಗೋಪುರದ ಕಳಶದಿಂದ ಹೊರಟ ಕಿರಣವು ರಂಧ್ರವನ್ನು ಹಾಯ್ದು ಕೆಳಗಡೆಗೆ, ಬುಡದಿಂದ ಹೊರಟದ್ದು ಮೇಲುಗಡೆಗೆ ಹೋಗಿ ಬೀಳುತ್ತದೆ. ಆದಕಾರಣ ಬಿಂಬವು ಮೇಲೆ ಕೆಳಗಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮರಾ ಎಂಬ ಶಬ್ದಕ್ಕೆ ಕೋಣೆಯೆಂದೇ ಅರ್ಥ. ರಂಧ್ರದ ಸ್ಥಾನದಲ್ಲಿ ಗಾಜಿನ ಲೆನ್ಸನ್ನಿಟ್ಟು, ಕೋಣೆಯನ್ನು ಕೈಯಲ್ಲಿ ಹಿಡಿಯುವಷ್ಟು ಕಿರಿದು ಮಾಡಿದರೆ ಅದೇ ಕ್ಯಾಮರಾ. ಈ ಅಂಶದಲ್ಲಿ ರೋಲಿನದಕ್ಕೂ ಡಿಜಿಟಲ್ಲಿಗೂ ಎಳ್ಳಷ್ಟೂ ಭೇದವಿಲ್ಲ.

ಭೇದವಿರುವುದು ಗೋಡೆಯಲ್ಲಿ, ಅಂದರೆ ಬಿದ್ದ ಬಿಂಬವನ್ನು ಹಿಡಿದಿಡುವ ಪದಾರ್ಥದಲ್ಲಿ. ಫಿಲ್ಮಿನಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಕಣಗಳಿರುತ್ತವೆ. ಬೆಳಕು ತಗುಲಿದ ಕಣವು ಡೆವಲಪರ್ ಎಂಬ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ತಗುಲದಿದ್ದುದನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋಗೆ ಈ ಗುಣವುಂಟೆಂದು ಜಾನ್ ಹರ್ಷೆಲ್ ಎಂಬ ವಿದ್ವಾಂಸನು 1819ರಲ್ಲಿಯೇ ಕಂಡಿದ್ದನು. ಹೀಗೆ ಬೆಳಕಿದ್ದಲ್ಲಿ ಕಪ್ಪೂ ಕಪ್ಪಿದ್ದಲ್ಲಿ ಬಿಳುಪೂ ಆದ ನೆಗೆಟಿವ್ ಸಿದ್ಧವಾಗುತ್ತದೆ. ಡಿಜಿಟಲ್ಲಿನಲ್ಲಿ ಬೆಳ್ಳಿಗೆ ಬದಲಾಗಿ ಸಿಲಿಕಾನಿನ ಒಂದು ಬಿಲ್ಲೆ. ಅದರ ಮೇಲಿನ ಕೋಟ್ಯಂತರ ಕಣ್ಣುಗಳಲ್ಲಿ ಪ್ರತಿಯೊಂದೂ ತನಗೆ ಬಿದ್ದ ಬೆಳಕೆಷ್ಟೆಂದು ಅಂಕೆಯಲ್ಲಿ ಹೇಳುತ್ತದೆ. ಇದರ ಮೊದಲ ಮಾದರಿಯನ್ನು 1975ರಲ್ಲಿ ಕಟ್ಟಿದವನು ಕೊಡಕ್ ಸಂಸ್ಥೆಯ ಇಂಜಿನಿಯರಾದ ಸ್ಟೀವನ್ ಸ್ಯಾಸನ್. ಅದಕ್ಕೆ ಇದ್ದುದು ಹತ್ತು ಸಾವಿರ ಕಣ್ಣುಗಳು. ಒಂದು ಪಟವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮು ಮಾರಿ ಬದುಕುತ್ತಿದ್ದ ಆ ಸಂಸ್ಥೆ ತನ್ನ ಮನೆಯಲ್ಲಿಯೇ ಹುಟ್ಟಿದ ಕೂಸನ್ನು ಮುದ್ದಿಸಲಿಲ್ಲ. 2012ರಲ್ಲಿ ದಿವಾಳಿಯ ಅರ್ಜಿಯನ್ನು ಹಾಕಬೇಕಾಯಿತು.

ಫಿಲ್ಮನ್ನು ಬಯಸುವ ಹುಡುಗಿಯನ್ನು ಗೀಳಿನವಳೆಂದು ಹಾಸ್ಯ ಮಾಡಲು ನಾನು ಒಪ್ಪುವವನಲ್ಲ. ಆ ವಿದ್ಯೆಯ ಮಹಿಮೆಯನ್ನು ನಮ್ಮ ಹಂಪೆಗಿಂತ ಚೆನ್ನಾಗಿ ಸಾರುವ ಸ್ಥಳ ವಿರಳ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1855-56ರ ಸುಮಾರಿಗೆ ಭಾರಿ ಪೆಟ್ಟಿಗೆಯಂಥ ಕ್ಯಾಮರಾವನ್ನು ಹೊರಿಸಿಕೊಂಡು ಬಂದು ವಿಜಯನಗರದ ಅವಶೇಷಗಳ ಪಟಗಳನ್ನು ತೆಗೆದನು. ಆಗ ಫಿಲ್ಮು ಎಂಬುದು ಇನ್ನೂ ಹುಟ್ಟಿರಲಿಲ್ಲ. ಮೇಣ ಹಿಡಿಸಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಲೇಪಿಸಿ ಅದರ ಮೇಲೆ ಬಿಂಬವನ್ನು ಹಿಡಿಯುತ್ತಿದ್ದರು. ನಮ್ಮ ಬಿಸಿಲಿನಲ್ಲಿ, ನಮ್ಮ ಧೂಳಿನಲ್ಲಿ, ಇಂಥ ಕೋಮಲವಾದ ರಸಾಯನ ಕ್ರಿಯೆಯನ್ನು ನಡೆಸಿದವನ ತಾಳ್ಮೆಯನ್ನು ಊಹಿಸಿಕೊಳ್ಳಬೇಕು. ಆ ಕಾಗದದ ನೆಗೆಟಿವುಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, ಸುಮಾರು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು 1983ರಲ್ಲಿ ಬಂದು, ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದನು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಾಲವು ಮಾಡಿದ ಕೆಲಸ ಕಾಣುತ್ತದೆ. ವಿಠ್ಠಲನ ಗುಡಿಯ ಕಲ್ಲಿನ ರಥವನ್ನು ಈಗ 50 ರೂಪಾಯಿಯ ನೋಟಿನ ಮೇಲೆಯೂ ನೋಡುತ್ತೇವಷ್ಟೆ. ಆ ರಥಕ್ಕೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು. ಅದು ಈಗಿಲ್ಲ. ಇತ್ತೆಂಬುದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಆ ಹಳೆಯ ಪಟವೇ.

ಇಷ್ಟು ಗೌರವವನ್ನು ಸಲ್ಲಿಸಿದ ಮೇಲೆ ಮನೆವಾರ್ತೆಯ ಲೆಕ್ಕಕ್ಕೆ ಬರೋಣ.

ಹಳೆಯ ಫಿಲ್ಮು ಕ್ಯಾಮರಾ ಒಂದು 4,000 ರೂಪಾಯಿಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. 36 ಪಟಗಳ ಬಣ್ಣದ ರೋಲೊಂದಕ್ಕೆ 1,000 ರೂಪಾಯಿ. ಅದನ್ನು ತೊಳೆಯಿಸಿ, ಪಟಗಳನ್ನು ಸ್ಕ್ಯಾನ್ ಮಾಡಿಸುವುದಕ್ಕೆ 500. ಬೆಲೆ ಊರೂರಿಗೂ ತಿಂಗಳು ತಿಂಗಳಿಗೂ ಬದಲಾಗುವುದರಿಂದ ಇವನ್ನು ಲೆಕ್ಕದ ಅನುಕೂಲಕ್ಕಾಗಿ ಹಿಡಿದಿದ್ದೇನೆ. ತಮ್ಮ ಅಂಗಡಿಯವರು ಹೇಳಿದ ಬೆಲೆಯನ್ನು ಹಾಕಿಕೊಂಡು ಓದುಗರು ಮತ್ತೆ ಗುಣಿಸಿಕೊಳ್ಳಬಹುದು. ಒಂದು ಸಲ ಗುಂಡಿಯನ್ನು ಒತ್ತಿದರೆ ಸುಮಾರು 42 ರೂಪಾಯಿ ಹೋಯಿತು. ಕ್ಯಾಮರಾ ಕೊಂಡು ಉಳಿದ 21,000 ರೂಪಾಯಿಗಳಿಗೆ 14 ರೋಲು, ಅಂದರೆ 504 ಪಟ. ಅಲ್ಲಿಗೆ ಗಂಟು ಕರಗಿತು. ಹದಿನೈದನೆಯ ರೋಲಿಗೆ ಮತ್ತೆ ತಂದೆಯ ಮುಂದೆ ಕೈಯೊಡ್ಡಬೇಕು. ಪ್ರತಿಯಾಗಿ, ಬಳಸಿದ ಡಿಜಿಟಲ್ ಕ್ಯಾಮರಾ, ಒಂದು ಲೆನ್ಸು, ಮೆಮೊರಿ ಕಾರ್ಡು ಇವಿಷ್ಟಕ್ಕೆ 22,000 ಆಯಿತೆನ್ನೋಣ. ಆಮೇಲೆ ಬ್ಯಾಟರಿಗೆ ಕೊಡುವ ವಿದ್ಯುತ್ತಿನ ಹೊರತು ಖರ್ಚಿಲ್ಲ. 64 ಜಿಬಿಯ ಕಾರ್ಡಿನಲ್ಲಿ ಸಾಮಾನ್ಯ ಗಾತ್ರದ ಆರು ಸಾವಿರದಷ್ಟು ಪಟ ಹಿಡಿಯುತ್ತದೆ. ತುಂಬಿದರೆ ಬೇರೆಡೆಗೆ ಇಳಿಸಿಕೊಂಡು ಮತ್ತೆ ತುಂಬಬಹುದು. ಎರಡೂ ಮಾರ್ಗಗಳ ಖರ್ಚು ಸಮವಾಗುವುದು ಹನ್ನೆರಡನೆಯ ರೋಲಿನಲ್ಲಿ. ತಿಂಗಳಿಗೊಂದರಂತೆ ತೆಗೆದರೂ ಒಂದೇ ವರ್ಷ. ಅಗ್ಗವೆಂದು ಕೊಂಡದ್ದು ಎರಡನೆಯ ವರ್ಷದಿಂದ ತುಟ್ಟಿಯಾಗುತ್ತ ಹೋಗುತ್ತದೆ.

ಫಿಲ್ಮು ಇಷ್ಟು ದುಬಾರಿಯಾದುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿಯೇ ಅದು ತಯಾರಾಗುತ್ತಿದ್ದ ಕಾಲವೊಂದಿತ್ತು. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯು 1960ರಲ್ಲಿ ಸ್ಥಾಪಿತವಾಗಿ, "ಇಂದು" ಎಂಬ ಹೆಸರಿನ ಫಿಲ್ಮನ್ನೂ ಕಾಗದವನ್ನೂ ಮಾಡುತ್ತಿತ್ತು. ಅದು ಮುಚ್ಚಿಹೋಗಿದೆ. ಈಗ ಅಂಗಡಿಯಲ್ಲಿ ಕಾಣುವ ರೋಲುಗಳೆಲ್ಲ ಸಮುದ್ರದಾಚೆಯಿಂದ ಬರತಕ್ಕವು. ಡಾಲರಿನ ಏರಿಳಿತವೂ ಸುಂಕವೂ ನಮ್ಮ ತಲೆಯ ಮೇಲೆ. ಒಂದು ಕಾಲದಲ್ಲಿ ಊರೂರಿನ ಸ್ಟುಡಿಯೋಗಳಲ್ಲಿ ಸಂಜೆಗೆ ರೋಲು ಕೊಟ್ಟರೆ ಮರುದಿನ ಪ್ರಿಂಟು ಸಿಗುತ್ತಿತ್ತು. ಈಗ ತೊಳೆಯುವವರು ಹತ್ತಿರದಲ್ಲಿದ್ದಾರೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಇಲ್ಲವಾದರೆ ಅಂಚೆಯಲ್ಲಿ ಬೆಂಗಳೂರಿಗೆ ಕಳುಹಿಸಿ, ದಿನಗಳನ್ನು ಎಣಿಸುತ್ತ ಕೂಡಬೇಕು.

"ಫಿಲ್ಮು ತಾಳ್ಮೆಯನ್ನು ಕಲಿಸುತ್ತದೆ, 36ರ ಮಿತಿಯಿರುವುದರಿಂದ ಆಲೋಚಿಸಿ ಒತ್ತುತ್ತಾರೆ" ಎಂಬ ವಾದವನ್ನು ಬಹಳ ಮಂದಿ ಮುಂದಿಡುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಸಾವಿರ ಸಲ ಒತ್ತಿ ಒಂದು ಚೆನ್ನಾಗಿ ಬಂದರೆ ಅದು ಕಾಕತಾಳೀಯವೇ ಹೊರತು ವಿದ್ಯೆಯಲ್ಲ. ಆದರೆ ವಿದ್ಯೆ ಬರುವ ಬಗೆಯನ್ನು ಸ್ವಲ್ಪ ವಿಚಾರಿಸಿ. ಕಾರಣವನ್ನು ನಿಶ್ಚಯಿಸಲು ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕವೆಂಬ ಕ್ರಮವನ್ನು ಹೇಳಿದ್ದಾರೆ: ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ. ಛಾಯಾಗ್ರಹಣದಲ್ಲಿ ಬೆಳಕನ್ನು ಆಳುವ ಸೂತ್ರಗಳು ಮೂರು. ಲೆನ್ಸಿನ ಕಿಂಡಿ ಎಷ್ಟು ಅಗಲವಾಗಿ ತೆರೆದಿದೆ, ಶಟರು ಎಷ್ಟು ಹೊತ್ತು ತೆರೆದಿರುತ್ತದೆ, ಬೆಳಕನ್ನು ಗ್ರಹಿಸುವ ಪದಾರ್ಥದ ಚುರುಕು ಎಷ್ಟು. ಈ ಚುರುಕನ್ನು ಐಎಸ್‌ಒ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಎರಡನ್ನು ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ, ಫಲದಲ್ಲಿ ಏನಾಯಿತೆಂದು ಆಗಲೇ ನೋಡಿದರೆ ಸೂತ್ರವು ಮನಸ್ಸಿನಲ್ಲಿ ನಾಟುತ್ತದೆ. ಡಿಜಿಟಲ್ ಕ್ಯಾಮರಾ ಫಲವನ್ನು ಕ್ಷಣದಲ್ಲಿ ತೋರಿಸುವುದಲ್ಲದೆ, ಯಾವ ಪಟವನ್ನು ಯಾವ ಕಿಂಡಿಯಲ್ಲಿ ಯಾವ ವೇಗದಲ್ಲಿ ತೆಗೆದದ್ದೆಂದು ಪಟದೊಳಗೇ ಬರೆದಿಡುತ್ತದೆ. ಫಿಲ್ಮಿನಲ್ಲಿ ಫಲ ಕಾಣುವುದು ಹದಿನೈದು ದಿನಗಳ ತರುವಾಯ. ಅಷ್ಟರಲ್ಲಿ ಏನು ಮಾಡಿದ್ದೆನೆಂಬುದೇ ಮರೆತುಹೋಗಿರುತ್ತದೆ. ಹಿಂದಿನವರು ಅದಕ್ಕಾಗಿ ಕಿಸೆಯಲ್ಲಿ ಪುಸ್ತಕವನ್ನಿಟ್ಟು ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದರು. ಉತ್ತರ ಪತ್ರಿಕೆಯನ್ನು ತಿದ್ದಿ ಮರುದಿನವೇ ಕೊಡುವ ಮೇಷ್ಟರಿಂದ ಮಕ್ಕಳು ಕಲಿಯುವಷ್ಟು, ವರ್ಷದ ಕೊನೆಗೆ ಕೊಡುವವರಿಂದ ಕಲಿಯಲಾರರು. ತಾಳ್ಮೆಯೇ ಬೇಕೆಂದರೆ ಡಿಜಿಟಲ್ಲಿನಲ್ಲಿಯೂ "ಇಂದು 36ಕ್ಕೆ ಮಿಗಿಲಿಲ್ಲ" ಎಂದು ವ್ರತ ತೊಡಬಹುದು. ಅದಕ್ಕೆ 1,500 ರೂಪಾಯಿ ದಕ್ಷಿಣೆ ಬೇಕಿಲ್ಲ.

ಮೈಸೂರಿನವರಾದ ಟಿ. ಎಸ್. ಸತ್ಯನ್ (1923-2009) ನಾಡಿಗೆಲ್ಲ ಹೆಸರು ತಂದ ಛಾಯಾಗ್ರಾಹಕರು. ಅವರು ಹೆಸರಾದದ್ದು ಫಿಲ್ಮಿನ ಕಾಲದಲ್ಲಿ. ಆದರೆ ಅವರ ಪಟಗಳಲ್ಲಿ ನಾವು ನೋಡುವುದು ಸಾಮಾನ್ಯ ಜನರ ಮುಖಗಳನ್ನು, ಮಕ್ಕಳ ಆಟವನ್ನು. ಯಾವ ರೋಲೆಂದು ಯಾರೂ ಕೇಳುವುದಿಲ್ಲ.

ಇನ್ನು ಅಜ್ಜಿಯ ವಿಷಯ. ನಮ್ಮ ಕಡೆಯ ಹಳೆಯ ಮನೆಗಳನ್ನು ಬಲ್ಲವರಿಗೆ ನಡುಮನೆಯ ಕತ್ತಲೆಯನ್ನು ವರ್ಣಿಸಬೇಕಾಗಿಲ್ಲ. ಬಿಸಿಲು ಒಳಗೆ ಬಾರದಿರಲೆಂದೇ ಕಟ್ಟಿದ ಮನೆಗಳು. 86 ವರ್ಷದ ಜೀವವನ್ನು ಅಲ್ಲಿಂದೆಬ್ಬಿಸಿ ಬಿಸಿಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಕಣ್ಣು ಕಿರಿದಾಗಿ ಮುಖ ಸುಕ್ಕಿಕ್ಕಿ ಪಟವೂ ಕೆಡುತ್ತದೆ. ಅಂಥ ಕೋಣೆಯಲ್ಲಿ 200ರ ಐಎಸ್‌ಒ ಫಿಲ್ಮಿಗೆ, ಕಿಂಡಿಯನ್ನು ಚೆನ್ನಾಗಿ ತೆರೆದಿಟ್ಟರೂ, ಕಾಲು ಸೆಕೆಂಡಿನ ಹೊತ್ತು ಬೇಕಾಯಿತೆನ್ನಿ. ಕಾಲು ಸೆಕೆಂಡು ಕೈ ಅಲುಗದಿರುವವರಿಲ್ಲ. ಅಜ್ಜಿಯ ತಲೆಯೂ ಸ್ಥಿರವಾಗಿರದು. ಡಿಜಿಟಲ್ಲಿನಲ್ಲಿ ಐಎಸ್‌ಒವನ್ನು 3200ಕ್ಕೆ ಏರಿಸಿದರೆ ಚುರುಕು ಹದಿನಾರು ಪಟ್ಟಾಗುತ್ತದೆ. ಅದೇ ಬೆಳಕಿನಲ್ಲಿ ಸೆಕೆಂಡಿನ ಅರವತ್ತನೆಯ ಒಂದು ಭಾಗ ಸಾಕು. ಆಗ ಮುಖವು ಸ್ಫುಟವಾಗಿ ಬರುತ್ತದೆ. ಅಷ್ಟು ಚುರುಕಿನ ಕಪ್ಪು-ಬಿಳುಪು ಫಿಲ್ಮೂ ಉಂಟು, ಆದರೆ ಅದರ ಬೆಲೆ ಇನ್ನೂ ಹೆಚ್ಚು, ಕಾಳೂ ದಪ್ಪ. ಮೇಲಾಗಿ ರೋಲು ತೊಳೆದು ಬರುವ ತನಕ ಪಟ ಬಂತೋ ಇಲ್ಲವೋ ತಿಳಿಯದು. 86ರ ವಯಸ್ಸಿನಲ್ಲಿ "ಇನ್ನೊಂದು ಸಲ ತೆಗೆದರಾಯಿತು" ಎಂಬ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಕಂಪ್ಲಿಯ ಮಹನೀಯರಿಗೆ ನನ್ನ ಉತ್ತರ: ಡಿಜಿಟಲ್ಲನ್ನೇ ಕೊಳ್ಳತಕ್ಕದ್ದು.

ಕೊಳ್ಳುವುದಾದರೂ ಹೊಸತನ್ನಲ್ಲ. ಜನರೆಲ್ಲ ಮಿರರ್‌ಲೆಸ್ ಎಂಬ ಹೊಸ ಬಗೆಯ ಕಡೆಗೆ ಹೊರಳಿರುವುದರಿಂದ, ಒಳಗೆ ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮರಾಗಳು ಎರಡನೆಯ ಕೈಯಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಅದರ ಸಂಗಡ ಬರುವ 18-55ರ ಲೆನ್ಸು ಹಂಪೆಯ ಮಂಟಪಗಳಿಗೆ ಸಾಕು. ಅಜ್ಜಿಗಾಗಿ 50 ಮಿಲಿಮೀಟರಿನ, ಎಫ್ 1.8 ಕಿಂಡಿಯ ಲೆನ್ಸೊಂದನ್ನು ಹಳೆಯದನ್ನೇ ಹುಡುಕಿ. ಅದು ಬೆಲೆಯಲ್ಲಿ ಕಿರಿದು, ಕೆಲಸದಲ್ಲಿ ಹಿರಿದು. ಮೊದಲಿನ ಲೆನ್ಸಿಗಿಂತ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಗೆ ಬಿಡುತ್ತದೆ. ನಿಕಾನಿನ 3000 ಮತ್ತು 5000ದ ಸಾಲಿನ ಕ್ಯಾಮರಾಗಳಲ್ಲಿ ಲೆನ್ಸನ್ನು ತಿರುಗಿಸುವ ಮೋಟಾರಿಲ್ಲ. ಅವಕ್ಕೆ ಎಎಫ್-ಎಸ್ ಎಂಬ ಗುರುತಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಪ್ರತಿಸಲವೂ ಕೈಯಿಂದ ಫೋಕಸ್ ಮಾಡಬೇಕಾಗುತ್ತದೆ. ಹಣ ಕೊಡುವ ಮುನ್ನ ಲೆನ್ಸಿನೊಳಕ್ಕೆ ಟಾರ್ಚು ಹಾಯಿಸಿ ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು, ಕೈಮುಗಿದು ಹಿಂದಿರುಗಿಸಿ. ಶಟರು ಎಷ್ಟು ಸಲ ಬಿದ್ದಿದೆಯೆಂಬ ಸಂಖ್ಯೆಯನ್ನು ತೋರಿಸಲು ಹೇಳಿ. ಕೆಳದರ್ಜೆಯ ಒಡಲುಗಳ ಶಟರಿನ ಆಯುಸ್ಸನ್ನು ಸಾಮಾನ್ಯವಾಗಿ ಒಂದು ಲಕ್ಷವೆಂದು ಎಣಿಸುತ್ತಾರೆ. ಬಿಳಿಯ ಗೋಡೆಯ ಪಟವೊಂದನ್ನು ಎಫ್ 16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಬಿಲ್ಲೆಯ ಮೇಲಿನ ಧೂಳು ಕರಿಯ ಚುಕ್ಕೆಗಳಾಗಿ ತೋರುತ್ತದೆ. ಸೊಂಡೂರಿನ ಕಡೆಯವರು ಇದರಲ್ಲಿ ವಿಶೇಷ ಎಚ್ಚರದಿಂದಿರಬೇಕು. ಅದಿರಿನ ಆ ಕೆಂಪು ಪುಡಿ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ರಸ್ತೆಯ ಬದಿಯಲ್ಲಿ ಲೆನ್ಸು ಬದಲಿಸುವುದೇ ಬೇಡ.

ಡಿಜಿಟಲ್ಲಿನ ಒಂದು ದೋಷವನ್ನೂ ಹೇಳಬೇಕು. ಮಧ್ಯಾಹ್ನದ ಹಂಪೆಯಲ್ಲಿ ಬಂಡೆಗಳು ಬೆಂಕಿಯಂತೆ ಹೊಳೆಯುತ್ತವೆ, ಮಂಟಪದ ಒಳಗು ಕತ್ತಲೆ. ಬೆಳಕು ಮಿತಿ ಮೀರಿದಲ್ಲಿ ಡಿಜಿಟಲ್ ಪಟವು ಬರಿಯ ಬಿಳಿ ಹಾಳೆಯಾಗುತ್ತದೆ. ಅಲ್ಲಿಂದ ಏನನ್ನೂ ಮರಳಿ ಪಡೆಯಲಾಗದು. ಬಣ್ಣದ ನೆಗೆಟಿವ್ ಫಿಲ್ಮು ಅಧಿಕ ಬೆಳಕನ್ನು ಬಹಳಮಟ್ಟಿಗೆ ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸದು. ಆದಕಾರಣ ಡಿಜಿಟಲ್ಲಿನವರು ಹೊಳೆಯುವ ಭಾಗವನ್ನು ನೋಡಿ ಅಳತೆ ಮಾಡಬೇಕು, ಫಿಲ್ಮಿನವರು ನೆರಳನ್ನು ನೋಡಿ. ಎಲ್ಲಕ್ಕೂ ಮೇಲು, ಇಬ್ಬರೂ ಆ ಹೊತ್ತಿನಲ್ಲಿ ಮನೆಯಲ್ಲಿದ್ದು, ಬೆಳಗಿನ ಎಳೆಬಿಸಿಲಿನಲ್ಲಿ ಹೊರಡುವುದು.

ಹುಡುಗಿಯ ಆಸೆಯನ್ನು ಪೂರ್ತಿಯಾಗಿ ಮುರಿಯುವುದೂ ನನಗೆ ಇಷ್ಟವಿಲ್ಲ. ಬಂಧುಗಳ ಪೆಟ್ಟಿಗೆಗಳಲ್ಲಿ ಆಗ್ಫಾ ಕ್ಲಿಕ್ 3ರಂಥ ಕ್ಯಾಮರಾ ಒಂದು ಬಿದ್ದಿರಬಹುದು. ಹಿಂದೆ ಎಷ್ಟೋ ಮನೆಗಳಲ್ಲಿ ಅದಿತ್ತು. ಅದಕ್ಕೆ 120ರ ರೋಲು, ಹನ್ನೆರಡು ಚೌಕ ಪಟ. ಕೇಳಿ ಪಡೆದು, ವರ್ಷಕ್ಕೊಂದೆರಡು ರೋಲು ತೆಗೆಯಲಿ. ಕೊಳ್ಳುವುದೇ ಆದರೆ, ಬ್ಯಾಟರಿಯಿಲ್ಲದೆಯೂ ಶಟರು ನಡೆಯುವ ಪೆಂಟಾಕ್ಸ್ ಕೆ 1000ದಂಥ ಯಂತ್ರವೇ ಲೇಸು. ಅದರ ಬೆಳಕಿನ ಅಳತೆಗೋಲು ಕೆಟ್ಟಿದ್ದರೂ ಚಿಂತೆಯಿಲ್ಲ. ನಿರ್ಮಲವಾದ ಬಿಸಿಲಿನಲ್ಲಿ ಕಿಂಡಿಯನ್ನು ಎಫ್ 16ಕ್ಕಿಟ್ಟು, ಫಿಲ್ಮಿನ ಐಎಸ್‌ಒ ಎಷ್ಟೋ ಶಟರನ್ನು ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕೆ ಸಮೀಪವಾಗಿಟ್ಟರೆ ಪಟ ಸರಿಯಾಗಿ ಬರುತ್ತದೆ. 200ರ ಫಿಲ್ಮಿಗೆ 250ನೆಯ ಒಂದು ಭಾಗ. ರೋಲನ್ನು ಬೇಸಿಗೆಯಲ್ಲಿ ಬೈಕಿನ ಪೆಟ್ಟಿಗೆಯಲ್ಲಿ ಬಿಡಬಾರದು, ಬಣ್ಣ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟು ಬಳಸುವ ಮುನ್ನ ಕೆಲವು ಗಂಟೆ ಹೊರಗಿಡಬೇಕು. ಕಪ್ಪು-ಬಿಳುಪನ್ನು ಮನೆಯಲ್ಲಿಯೇ ತೊಳೆಯಬಹುದಾದರೂ ಡೆವಲಪರಿಗೆ 20 ಡಿಗ್ರಿಯ ಶಾಖವನ್ನು ವಿಧಿಸಿದ್ದಾರೆ. ಹೊಸಪೇಟೆಯ ಚೈತ್ರ ವೈಶಾಖಗಳಲ್ಲಿ ನಲ್ಲಿಯ ನೀರು ಅಷ್ಟು ತಣ್ಣಗೆ ಎಲ್ಲಿ ಬಂದೀತು! ಮಂಜುಗಡ್ಡೆಯ ತಟ್ಟೆಯಲ್ಲಿ ಪಾತ್ರೆಯನ್ನಿಟ್ಟು ತಂಪು ಮಾಡಬೇಕು.

ತೆಗೆದುದನ್ನು ಉಳಿಸಿಕೊಳ್ಳುವ ಬಗೆಯಲ್ಲಿ ಮಾತ್ರ ಫಿಲ್ಮೇ ಗೆದ್ದಿದೆ. ನೆಗೆಟಿವನ್ನು ಒಣಗಿದ ಸ್ಥಳದಲ್ಲಿಟ್ಟರೆ ಯಾವ ಯಂತ್ರದ ಹಂಗೂ ಇಲ್ಲದೆ ಬೆಳಕಿಗೆ ಹಿಡಿದು ನೋಡಬಹುದು. ಡಿಜಿಟಲ್ ಪಟವು ಒಂದೇ ಫೋನಿನಲ್ಲಿದ್ದರೆ ಆ ಫೋನು ಕಾಲುವೆಗೆ ಬಿದ್ದ ದಿನವೇ ಹತ್ತು ವರ್ಷದ ಸಂಸಾರ ಮಾಯ. ಕಂಪ್ಯೂಟರಿನಲ್ಲೊಂದು, ಬೇರೆಯ ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಊರಿನ ಬಂಧುಗಳ ಮನೆಯಲ್ಲೊಂದು ಎಂದು ಮೂರು ಪ್ರತಿಗಳಿರಬೇಕು. ವರ್ಷಕ್ಕೆ ಹನ್ನೆರಡನ್ನಾದರೂ ಆರಿಸಿ ಪ್ರಿಂಟು ಹಾಕಿಸಿ, ಹಿಂದುಗಡೆ ಪೆನ್ಸಿಲಿನಿಂದ ಹೆಸರು, ಊರು, ತಾರೀಖುಗಳನ್ನು ಬರೆದಿಡಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂದುಗಡೆ ಗೆರೆ ಮೂಡುತ್ತದೆ.

ಕಡೆಗೆ ಕಂಪ್ಲಿಯವರಿಗೆ ಒಂದು ಸೂಚನೆ. ಕ್ಯಾಮರಾ ಹುಡುಕುವುದಕ್ಕೆ ಒಂದೆರಡು ತಿಂಗಳು ಹಿಡಿಯಬಹುದು. ಅಜ್ಜಿಯ ಪಟಕ್ಕೆ ಅದುವರೆಗೆ ಕಾಯಬೇಡಿ. ಮಗಳ ಕೈಯಲ್ಲಿರುವ ಫೋನು ಇವತ್ತಿಗೆ ಸಾಕು. ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ, ನೇರ ಬಿಸಿಲು ಬೀಳದ ಬಾಗಿಲಿನ ಒಳಗಡೆ, ಹೊಸ್ತಿಲಿನಿಂದ ಎರಡು ಮೊಳ ಹಿಂದಕ್ಕೆ ಅಜ್ಜಿಯನ್ನು ಅವರ ರೂಢಿಯ ಮಣೆಯ ಮೇಲೋ ಕುರ್ಚಿಯ ಮೇಲೋ ಕೂಡಿಸಿ. ಬೆಳಕು ಒಂದು ಕೆನ್ನೆಯ ಮೇಲೆ ಬೀಳಲಿ. ಫೋನಿನ ಲೆನ್ಸನ್ನು ಶುಭ್ರವಾದ ಬಟ್ಟೆಯಿಂದ ಒರಸಿ, ಫ್ಲ್ಯಾಷನ್ನು ಆರಿಸಿ, ಮೊಮ್ಮಗಳು ಅಜ್ಜಿಯ ಕಣ್ಣಿನ ಮಟ್ಟಕ್ಕೆ ಕೆಳಗೆ ಕುಳಿತುಕೊಳ್ಳಲಿ. ತಂದೆಯವರು ಪಕ್ಕದಲ್ಲಿ ಕುಳಿತು ಅವರ ತವರೂರಿನ ಮಾತನ್ನೆತ್ತಲಿ. ಹಿಂದಿನ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ಮೊದಲೇ ತೆಗೆದಿಡಿ.